ಹನ್ನೊಂದು ಹೋಟೆಲು, ನಾಲ್ಕು ಉತ್ತರ: ಸಮ್ಮೇಳನಕ್ಕೆ ಪ್ರಸ್ತಾವ ಕೇಳುವ ಕ್ರಮ

ಪ್ರಶ್ನೆ: ನಾನು ರಾಜ್ಯಮಟ್ಟದ ವೃತ್ತಿಪರ ಸಂಘವೊಂದರ ಕಾರ್ಯದರ್ಶಿ. ನಮ್ಮ ಎರಡು ದಿನಗಳ ವಾರ್ಷಿಕ ಸಮ್ಮೇಳನವನ್ನು ಬರುವ ಜನವರಿಯಲ್ಲಿ ಮೈಸೂರಿನಲ್ಲಿ ನಡೆಸಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಸುಮಾರು 160 ಪ್ರತಿನಿಧಿಗಳು ಬರುತ್ತಾರೆ. ವಸತಿ, ಊಟ, ಸಭಾಂಗಣ ಮೂರೂ ಒಂದೇ ಕಡೆ ಬೇಕು. ಹನ್ನೊಂದು ಹೋಟೆಲುಗಳಿಗೆ ವಾಟ್ಸ್ಆ್ಯಪ್‌ನಲ್ಲಿ ದರ ಕೇಳಿದೆ. ಉತ್ತರ ಬಂದದ್ದು ನಾಲ್ಕು ಕಡೆಯಿಂದ ಮಾತ್ರ. ಒಬ್ಬರು ಪ್ಲೇಟಿಗೆ ಇಷ್ಟು ಎಂದು ಹೇಳಿದ್ದಾರೆ, ಇನ್ನೊಬ್ಬರು ತಲೆಗೆ ಇಷ್ಟು ಎಂದು ಪ್ಯಾಕೇಜ್ ಕೊಟ್ಟಿದ್ದಾರೆ, ಮೂರನೆಯವರು ಕೊಠಡಿಯ ದರ ಮಾತ್ರ ಬರೆದಿದ್ದಾರೆ, ನಾಲ್ಕನೆಯವರು ‘ಒಮ್ಮೆ ಬನ್ನಿ, ಕೂತು ಮಾತಾಡೋಣ’ ಎನ್ನುತ್ತಿದ್ದಾರೆ. ಇವನ್ನು ಹೋಲಿಸುವುದು ಹೇಗೆ? ಏಜೆಂಟರ ಮೂಲಕ ಹೋಗುವುದು ಒಳ್ಳೆಯದೇ?

ಉತ್ತರ: ನಾಲ್ಕು ಉತ್ತರಗಳು ನಾಲ್ಕು ದಿಕ್ಕಿಗೆ ಹೋಗಿರುವುದಕ್ಕೆ ಹೋಟೆಲಿನವರಿಗಿಂತ ನಿಮ್ಮ ಪ್ರಶ್ನೆಯೇ ಹೆಚ್ಚು ಕಾರಣ ಎಂದರೆ ಬೇಸರ ಮಾಡಿಕೊಳ್ಳಬೇಡಿ. ನಾನು ಹೋಟೆಲೊಂದರ ಬ್ಯಾಂಕ್ವೆಟ್ (ಸಭೆ, ಸಮಾರಂಭಗಳ) ಮಾರಾಟ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿ, ಆಮೇಲೆ ಮೇಜಿನ ಈಚೆ ಬದಿಗೆ ಬಂದು ಸಮ್ಮೇಳನಗಳನ್ನು ಆಯೋಜಿಸುತ್ತಿರುವವನು. ಸೋಮವಾರ ಬೆಳಿಗ್ಗೆ ಮೊಬೈಲ್ ತೆರೆದರೆ ‘ಜನವರಿಯಲ್ಲಿ 160 ಜನಕ್ಕೆ ರೇಟ್ ತಿಳಿಸಿ’ ಎಂಬಂಥ ಸಂದೇಶಗಳು ಹತ್ತಾರು ಇರುತ್ತಿದ್ದವು. ದಿನಾಂಕವಿಲ್ಲ, ಕೊಠಡಿಯ ಲೆಕ್ಕವಿಲ್ಲ, ಯಾರು ಕೇಳುತ್ತಿದ್ದಾರೆ ಎಂಬುದೂ ಸ್ಪಷ್ಟವಿಲ್ಲ. ಇಂಥವು ಹೆಚ್ಚಾಗಿ ಬೇರೆ ಹೋಟೆಲಿನಲ್ಲಿ ಚೌಕಾಸಿ ಮಾಡಲು ಒಂದು ಅಂಕಿ ಬೇಕಾದವರ ಸಂದೇಶಗಳೆಂದು ಅನುಭವದಿಂದ ಗೊತ್ತಿದ್ದರಿಂದ, ಬಿಡುವಿದ್ದರೆ ಉತ್ತರಿಸುತ್ತಿದ್ದೆವು, ಇಲ್ಲದಿದ್ದರೆ ಇಲ್ಲ. ಉತ್ತರಿಸುವಾಗಲೂ ಯಾವ ಅಂಕಿ ನಮಗೆ ಅನುಕೂಲವೋ ಅದನ್ನೇ ಮುಂದಿಡುತ್ತಿದ್ದೆವು. ನಿಮಗೆ ಆಗಿರುವುದೂ ಅದೇ.

ಮೊದಲು ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಿ. ನೀವು ಸಭಾಂಗಣವನ್ನು ಹುಡುಕುತ್ತಿದ್ದೀರಿ, ಆದರೆ ಹೋಟೆಲು ಮಾರುವುದು ಮುಖ್ಯವಾಗಿ ರಾತ್ರಿಗಳನ್ನು. ಇವತ್ತು ಖಾಲಿ ಉಳಿದ ಕೊಠಡಿಯನ್ನು ನಾಳೆ ಮಾರಲು ಬರುವುದಿಲ್ಲ. ಸಂತೆ ಮುಗಿದ ಮೇಲಿನ ಸೊಪ್ಪಿನ ಹಾಗೆ ಅದರ ಬೆಲೆ ಹೋಯಿತು. ಆದ್ದರಿಂದ ನಿಮ್ಮ ಕೋರಿಕೆಯನ್ನು ಓದುವ ಮಾರಾಟ ವ್ಯವಸ್ಥಾಪಕರು ಮೊದಲು ನೋಡುವುದು ‘ಎಷ್ಟು ಕೊಠಡಿ, ಎಷ್ಟು ರಾತ್ರಿ, ಯಾವ ವಾರ’ ಎಂಬುದನ್ನು. ಇಬ್ಬರಿಗೊಂದು ಕೊಠಡಿಯಂತೆ 80 ಕೊಠಡಿ, ಎರಡು ರಾತ್ರಿ ಎಂದರೆ 160 ಕೊಠಡಿ-ರಾತ್ರಿಗಳ ವ್ಯಾಪಾರ. ಅದು ಆ ಹೋಟೆಲಿಗೆ ಖಾಲಿ ಇರಬಹುದಾದ ದಿನಗಳಲ್ಲಿ ಬಿದ್ದರೆ ಸಭಾಂಗಣದ ಬಾಡಿಗೆಯನ್ನೇ ಬಿಟ್ಟುಕೊಡುತ್ತಾರೆ. ಪ್ರವಾಸಿಗರು ತಾವಾಗಿ ಬಂದು ತುಂಬುವ ದಿನಗಳಲ್ಲಿ ಬಿದ್ದರೆ ಎಷ್ಟು ಚೌಕಾಸಿ ಮಾಡಿದರೂ ಒಂದು ರೂಪಾಯಿ ಇಳಿಯುವುದಿಲ್ಲ. ದಿನಾಂಕವೇ ನಿಮ್ಮ ಕೈಯಲ್ಲಿರುವ ದೊಡ್ಡ ನಾಣ್ಯ. ಅದನ್ನು ‘ಜನವರಿ’ ಎಂಬ ಒಂದು ಪದದಲ್ಲಿ ಕಳೆದುಬಿಟ್ಟಿದ್ದೀರಿ.

ಮೈಸೂರಿನ ಜನವರಿಯನ್ನೇ ತೆಗೆದುಕೊಳ್ಳಿ. ಕ್ರಿಸ್‌ಮಸ್ ರಜೆಯಿಂದ ಹೊಸ ವರ್ಷದ ಮೊದಲ ವಾರಾಂತ್ಯದವರೆಗೆ ಊರು ಪ್ರವಾಸಿಗರಿಂದ ತುಂಬಿರುತ್ತದೆ; ಆ ದಿನಗಳನ್ನು ಕೇಳುವುದೇ ಬೇಡ. ಅಲ್ಲಿಂದ ಸಂಕ್ರಾಂತಿಯವರೆಗಿನ ಕೆಲವು ದಿನಗಳು ಮಾತ್ರ ಬೇರೆ ತರಹದವು. ಧನುರ್ಮಾಸವಾದ್ದರಿಂದ ಮದುವೆ, ಆರತಕ್ಷತೆಗಳಿಲ್ಲ, ಬ್ಯಾಂಕ್ವೆಟ್ ಹಾಲುಗಳು ಖಾಲಿ. ರಜೆ ಮುಗಿಸಿ ಪ್ರವಾಸಿಗರೂ ಹಿಂದಿರುಗಿರುತ್ತಾರೆ. ಸಂಕ್ರಾಂತಿ ಕಳೆದೊಡನೆ ಮುಹೂರ್ತಗಳು ಶುರುವಾಗಿ ಹಾಲುಗಳಿಗೆ ಬೇಡಿಕೆ ಏರುತ್ತದೆ, ತಿಂಗಳ ಕೊನೆಗೆ ಗಣರಾಜ್ಯೋತ್ಸವದ ರಜೆ ವಾರಾಂತ್ಯಕ್ಕೆ ಹತ್ತಿರ ಬಂದರೆ ಕೊಠಡಿಗಳಿಗೂ ಏರುತ್ತದೆ. ಹೀಗಾಗಿ ನಿಮ್ಮ ಸಮಿತಿ ಪಂಚಾಂಗವನ್ನೂ ರಜೆಯ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಒಂದು ದಿನಾಂಕವನ್ನು ಮೊದಲ ಆಯ್ಕೆಯಾಗಿ, ಇನ್ನೊಂದನ್ನು ಪರ್ಯಾಯವಾಗಿ ಗೊತ್ತುಮಾಡಲಿ. ಎರಡನ್ನೂ ಪತ್ರದಲ್ಲಿ ಬರೆದು, ‘ಯಾವುದರಲ್ಲಿ ದರ ಉತ್ತಮವೋ ಅದನ್ನು ಪರಿಗಣಿಸುತ್ತೇವೆ’ ಎಂದು ಒಂದು ಸಾಲು ಸೇರಿಸಿ. ಶನಿವಾರ, ಭಾನುವಾರವೇ ಆಗಬೇಕೆಂಬ ಹಟವಿಲ್ಲದಿದ್ದರೆ ಅದನ್ನೂ ಹೇಳಿ. ಮೈಸೂರಿನಂಥ ಪ್ರವಾಸಿ ಊರಿನಲ್ಲಿ ವಾರದ ನಡುವಿನ ರಾತ್ರಿಗೂ ಶನಿವಾರದ ರಾತ್ರಿಗೂ ಇರುವ ಅಂತರ ದೊಡ್ಡದು. ಇದೇ ಸಮ್ಮೇಳನವನ್ನು ಬೆಂಗಳೂರಿನಲ್ಲಿ ಮಾಡುವುದಾಗಿದ್ದರೆ ಲೆಕ್ಕ ತಿರುಗುಮುರುಗು: ಅಲ್ಲಿ ಕಂಪನಿಗಳ ಅತಿಥಿಗಳು ವಾರದ ನಡುವೆ ತುಂಬಿಕೊಳ್ಳುತ್ತಾರೆ, ವಾರಾಂತ್ಯ ಸಡಿಲ. ಬೆಸ ವರ್ಷಗಳ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನದ ದಿನಗಳಲ್ಲಂತೂ ಅಲ್ಲಿ ಕೊಠಡಿ ಸಿಕ್ಕುವುದೇ ಕಷ್ಟ.

ಯಾವ ಹೋಟೆಲುಗಳಿಗೆ ಬರೆಯಬೇಕು ಎಂಬುದಕ್ಕೆ ಹನ್ನೊಂದು ಹೆಸರಿನ ಪಟ್ಟಿ ಬೇಕಾಗಿಲ್ಲ. ನಿಮ್ಮ ಅಗತ್ಯಕ್ಕೆ 80 ಕೊಠಡಿ ಬೇಕು. ನೂರು ಕೊಠಡಿಗಳ ಹೋಟೆಲೊಂದು ತನ್ನ ಎಂಬತ್ತನ್ನು ಒಂದೇ ಗುಂಪಿಗೆ ಕೊಡಲು ಹಿಂಜರಿಯುತ್ತದೆ, ಏಕೆಂದರೆ ಆನ್‌ಲೈನ್‌ನಲ್ಲಿ ಹೆಚ್ಚು ದರ ಕೊಟ್ಟು ಬರುವವರಿಗೂ ಅದು ಜಾಗ ಉಳಿಸಿಕೊಳ್ಳಬೇಕು. 120ಕ್ಕಿಂತ ಹೆಚ್ಚು ಕೊಠಡಿ ಇರುವ ಹೋಟೆಲುಗಳನ್ನು ಮೊದಲು ಬೇರ್ಪಡಿಸಿದರೆ ಪಟ್ಟಿ ತಾನಾಗಿ ಐದಾರಕ್ಕೆ ಇಳಿಯುತ್ತದೆ. ಒಂದೇ ಸೂರಿನಡಿ ಸಿಗದಿದ್ದರೆ ನಡೆದು ಹೋಗುವಷ್ಟು ಹತ್ತಿರದ ಎರಡು ಹೋಟೆಲುಗಳನ್ನು ಜೋಡಿಯಾಗಿ ಕೇಳಬಹುದು. ವಿಶ್ವವಿದ್ಯಾನಿಲಯದ ಅಥವಾ ಸಂಶೋಧನಾ ಸಂಸ್ಥೆಯ ಸಭಾಂಗಣವನ್ನು ಹಗಲಿಗೆ ಬಾಡಿಗೆಗೆ ಪಡೆದು ವಸತಿಯನ್ನಷ್ಟೇ ಹೋಟೆಲಿನಲ್ಲಿಡುವ ದಾರಿಯೂ ಉಂಟು. ಹಣ ಉಳಿಯುತ್ತದೆ, ಆದರೆ ಬೆಳಿಗ್ಗೆ ಸಂಜೆ ನಾಲ್ಕು ಬಸ್ಸು, ಬಸ್ಸಿಗೊಬ್ಬ ಸ್ವಯಂಸೇವಕ, ಬಸ್ಸು ತಪ್ಪಿದ ಹಿರಿಯ ಸದಸ್ಯರಿಗೊಂದು ಕಾರು ಬೇಕಾಗುತ್ತದೆ. ಅಷ್ಟು ಜನಬಲ ನಿಮ್ಮ ಸಂಘಕ್ಕೆ ಇದ್ದರೆ ಮಾತ್ರ ಆ ದಾರಿ.

ಹೋಟೆಲಿನ ಮುಂದೆ ಹಾಕಿರುವ ನಕ್ಷತ್ರಗಳ ಬಗ್ಗೆ ಒಂದು ಮಾತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ ಪರಿಶೀಲಿಸಿ ಕೊಡುವ ವರ್ಗೀಕರಣ ಐದು ವರ್ಷಕ್ಕೆ ಸೀಮಿತ, ಅದನ್ನು ಪಡೆಯುವುದೂ ಹೋಟೆಲಿನ ಇಚ್ಛೆ. ಎಲ್ಲ ಒಳ್ಳೆಯ ಹೋಟೆಲುಗಳೂ ಅದನ್ನು ಪಡೆದಿರುವುದಿಲ್ಲ. ನಿಮ್ಮ ಸಂಘದ ನಿಯಮಾವಳಿಯಲ್ಲಿ ‘ಮೂರು ನಕ್ಷತ್ರ ಮತ್ತು ಮೇಲ್ಪಟ್ಟು’ ಎಂದಿದ್ದರೆ ಪ್ರಮಾಣಪತ್ರದ ಪ್ರತಿಯನ್ನು ಪ್ರಸ್ತಾವದ ಜೊತೆಗೇ ಕೇಳಿಬಿಡಿ.

ಇನ್ನು ಪತ್ರ. ನಾಲ್ಕೈದು ತಿಂಗಳು ಮುಂಚೆಯೇ, ವಾಟ್ಸ್ಆ್ಯಪ್‌ನಲ್ಲಲ್ಲ, ಸಂಘದ ಲೆಟರ್‌ಹೆಡ್ಡಿನಲ್ಲಿ ಇಮೇಲ್ ಮೂಲಕ ಕಳಿಸಿ. ಮೈಸೂರಿನ ಹೋಟೆಲಿಗೇ ಬರೆಯುವುದಾದರೂ ಪತ್ರ ಇಂಗ್ಲಿಷಿನಲ್ಲಿರಲಿ ಎಂದು ಹೇಳಲು ನನಗೂ ಇಷ್ಟವಿಲ್ಲ. ಆದರೆ ದೊಡ್ಡ ಹೋಟೆಲ್ ಸಮೂಹಗಳಲ್ಲಿ ಗುಂಪಿನ ದರಕ್ಕೆ ಒಪ್ಪಿಗೆ ಕೊಡುವ ಅಧಿಕಾರಿ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೂತಿರುತ್ತಾರೆ. ನಿಮ್ಮ ಪತ್ರ ಅವರ ಮೇಜಿಗೆ ಹಾಗೆಯೇ ಹೋಗುವುದು ನಿಮಗೇ ಅನುಕೂಲ. ಮೊದಲ ಪ್ಯಾರಾದಲ್ಲೇ ಸಂಘ ಯಾವುದು, ಕಳೆದ ಮೂರು ವರ್ಷ ಸಮ್ಮೇಳನ ಯಾವ ಊರಿನಲ್ಲಿ ನಡೆಯಿತು, ಎಷ್ಟು ಕೊಠಡಿ ಕಾದಿರಿಸಿ ಎಷ್ಟನ್ನು ನಿಜವಾಗಿ ಬಳಸಿದಿರಿ ಎಂಬುದನ್ನು ಹೇಳಿ. ಈ ಕೊನೆಯ ಅಂಕಿಯನ್ನು ನಮ್ಮವರು ಬಚ್ಚಿಡುತ್ತಾರೆ. ವಾಸ್ತವದಲ್ಲಿ ಹೋಟೆಲಿನವರಿಗೆ ನಂಬಿಕೆ ಬರುವುದೇ ಅದರಿಂದ. ‘ಕಳೆದ ವರ್ಷ 75 ಕೊಠಡಿ ಕೇಳಿದ್ದೆವು, 71 ಬಳಸಿದೆವು’ ಎಂಬ ಒಂದು ವಾಕ್ಯ ಹತ್ತು ವಿಶೇಷಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಆಮೇಲೆ ಕಾರ್ಯಕ್ರಮವನ್ನು ಗಂಟೆಯ ಲೆಕ್ಕದಲ್ಲಿ ಬರೆಯಿರಿ. ಮಾದರಿಗೆ ಹೀಗೆ: ‘ಶುಕ್ರವಾರ ಸಂಜೆ 4ರಿಂದ ನೋಂದಣಿ, ರಾತ್ರಿ 8ಕ್ಕೆ ಊಟ, 160 ಜನ. ಶನಿವಾರ ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮುಖ್ಯ ಸಭಾಂಗಣ, ದುಂಡುಮೇಜಿನ ಸುತ್ತ ವೇದಿಕೆಗೆ ಮುಖಮಾಡಿ ಕೂರುವ ವ್ಯವಸ್ಥೆ, 160 ಜನ. ಮಧ್ಯಾಹ್ನ 2ರಿಂದ 5ರವರೆಗೆ ಅದರ ಜೊತೆಗೆ 40 ಜನ ಹಿಡಿಸುವ ಎರಡು ಸಣ್ಣ ಕೊಠಡಿಗಳು. ಹಾಲಿನ ಹೊರಗೆ ಎಂಟು ಪ್ರದರ್ಶನ ಮಳಿಗೆಗಳಿಗೆ ಜಾಗ, ತಲಾ ಒಂದು ವಿದ್ಯುತ್ ಪಾಯಿಂಟು. ಚಹಾ ಕಾಫಿ ದಿನಕ್ಕೆ ಎರಡು ಸಲ. ವೇದಿಕೆ ಕಟ್ಟಲು ಶುಕ್ರವಾರ ಮಧ್ಯಾಹ್ನ 2ರಿಂದಲೇ ಹಾಲ್ ನಮ್ಮ ವಶದಲ್ಲಿರಬೇಕು. ಭಾನುವಾರ ಮಧ್ಯಾಹ್ನ 3ರವರೆಗೆ ನಡುವೆ ಬೇರಾರಿಗೂ ಕೊಡಬಾರದು.’

ಈ ಕೊನೆಯ ವಾಕ್ಯವನ್ನು ನಾನು ಪೆಟ್ಟು ತಿಂದು ಕಲಿತೆ. ಹಿಂದೊಮ್ಮೆ ನಾನು ಆಯೋಜಿಸಿದ ವಿಚಾರಸಂಕಿರಣದಲ್ಲಿ ಹಾಲ್ ‘ಇಡೀ ದಿನ’ ಎಂದು ಕೋಟೇಶನ್ನಿನಲ್ಲಿತ್ತು. ಹೋಟೆಲಿನ ನಿಘಂಟಿನಲ್ಲಿ ಇಡೀ ದಿನ ಎಂದರೆ ಸಂಜೆ ಆರಕ್ಕೆ ಮುಗಿಯುತ್ತದೆಂದು ನನಗೆ ಗೊತ್ತಿದ್ದೂ ನಾನು ಕೇಳಿ ಖಚಿತಪಡಿಸಿಕೊಂಡಿರಲಿಲ್ಲ. ರಾತ್ರಿ ಅದೇ ಹಾಲಿನ ಅರ್ಧಭಾಗದಲ್ಲಿ ಆರತಕ್ಷತೆ. ಮೂರೂವರೆಗೆ, ಸರಿಯುವ ಗೋಡೆಯ ಆಚೆ, ಮಂಟಪ ಕಟ್ಟುವವರ ಸುತ್ತಿಗೆ ಶುರುವಾಯಿತು, ಐದಕ್ಕೆ ನಾದಸ್ವರದವರು ಶ್ರುತಿ ನೋಡಿಕೊಂಡರು. ಈಚೆ ಹಿರಿಯ ಪ್ರಾಧ್ಯಾಪಕರೊಬ್ಬರು ತಮ್ಮ ಪ್ರಬಂಧ ನಿಲ್ಲಿಸಿ, ‘ತಾಳಿ, ಮಾಂಗಲ್ಯಧಾರಣೆ ಆಗಿಬಿಡಲಿ’ ಎಂದು ಕೂತರು. ಎಲ್ಲರೂ ನಕ್ಕರು, ನಾನು ಮಾತ್ರ ನಗಲಿಲ್ಲ. ಆದ್ದರಿಂದ ಪಕ್ಕದ ಹಾಲಿನಲ್ಲಿ ಆ ದಿನ ಏನಿದೆ, ನಡುವಿನ ಗೋಡೆ ಕಟ್ಟಿದ್ದೋ ಸರಿಯುವಂಥದ್ದೋ ಎಂಬ ಎರಡು ಪ್ರಶ್ನೆಗಳನ್ನು ಪತ್ರದಲ್ಲಿ ತಪ್ಪದೆ ಸೇರಿಸಿ.

ಕೊಠಡಿಗಳ ವಿಷಯದಲ್ಲಿ ‘80 ಕೊಠಡಿ, ಇಬ್ಬರಂತೆ’ ಎಂದರೆ ಸಾಲದು. ಎಷ್ಟು ಕೊಠಡಿಗಳಲ್ಲಿ ಎರಡು ಬೇರೆ ಬೇರೆ ಮಂಚಗಳಿವೆ ಎಂದು ಕೇಳಿ. ಪ್ರವಾಸಿಗರನ್ನು ನೆಚ್ಚಿಕೊಂಡ ಹೋಟೆಲುಗಳಲ್ಲಿ ದಂಪತಿಗಳಿಗೆ ಹೊಂದುವ ಒಂದೇ ದೊಡ್ಡ ಮಂಚದ ಕೊಠಡಿಗಳೇ ಹೆಚ್ಚು. ಪರಸ್ಪರ ಪರಿಚಯವಿಲ್ಲದ ಇಬ್ಬರು ಹಿರಿಯ ಸದಸ್ಯರಿಗೆ ಒಂದು ಹಾಸಿಗೆ, ಒಂದು ಹೊದಿಕೆ ಕೊಟ್ಟರೆ ಸಮ್ಮೇಳನದ ಮೊದಲ ಜಗಳ ಸ್ವಾಗತ ಕೌಂಟರಿನಲ್ಲೇ ನಡೆಯುತ್ತದೆ. ಹುಬ್ಬಳ್ಳಿ, ಬಾಗಲಕೋಟೆಯ ಕಡೆಯಿಂದ ರಾತ್ರಿ ರೈಲಿನಲ್ಲಿ ಬಂದವರು ಬೆಳಗಿನ ಹೊತ್ತು ಇಳಿಯುತ್ತಾರೆ, ಹೋಟೆಲಿನ ಚೆಕ್-ಇನ್ ಸಮಯ ಮಧ್ಯಾಹ್ನ. ಅಂಥ ಎಷ್ಟು ಜನ ಎಂದು ಅಂದಾಜು ಕೊಟ್ಟು, ಅವರಿಗೆ ಮುಂಚೆಯೇ ಕೊಠಡಿ ಸಿಗುವುದೇ, ಇಲ್ಲವಾದರೆ ಸ್ನಾನಕ್ಕೆ ನಾಲ್ಕೈದು ಕೊಠಡಿಗಳನ್ನಾದರೂ ಬಿಟ್ಟುಕೊಡುವರೇ ಎಂದು ಕೇಳಿ. ಗಾಲಿಕುರ್ಚಿ ಬಳಸುವ ಸದಸ್ಯರಿದ್ದರೆ ಅವರಿಗೆ ಹೊಂದುವ ಕೊಠಡಿಗಳೆಷ್ಟು, ವೇದಿಕೆಗೆ ಇಳಿಜಾರು ಹಾಕಿಕೊಡುತ್ತಾರೆಯೇ ಎಂಬುದನ್ನೂ ಇಲ್ಲೇ ಕೇಳಬೇಕು. ಹಿಂದಿನ ದಿನ ಕೇಳಿದರೆ ಹಲಗೆ ಹಾಕಿ ಕೈಹಿಡಿದು ಹತ್ತಿಸುತ್ತಾರೆ, ಅದು ಯಾರಿಗೂ ಮರ್ಯಾದೆಯಲ್ಲ.

ಉತ್ತರ ಯಾವ ರೂಪದಲ್ಲಿ ಬರಬೇಕೆಂಬುದನ್ನೂ ನೀವೇ ಗೊತ್ತುಮಾಡಿ. ಒಂದು ಖಾಲಿ ಕೋಷ್ಟಕವನ್ನು ಪತ್ರದ ಜೊತೆ ಕಳಿಸಿ, ಕೊಠಡಿಯ ದರ, ಪ್ರತಿ ಊಟದ ದರ, ಚಹಾ, ಸಭಾಂಗಣದ ಬಾಡಿಗೆ, ಪ್ರೊಜೆಕ್ಟರ್ ಮತ್ತು ಧ್ವನಿವರ್ಧಕ, ಜನರೇಟರ್, ಪ್ರತಿಯೊಂದರ ಮುಂದೆ ಜಿಎಸ್‌ಟಿ ಶೇಕಡಾ ಎಷ್ಟು ಎಂದು ತುಂಬಿ ಕಳಿಸಲು ಹೇಳಿ. ಅವರದೇ ಚಂದದ ಪಿಡಿಎಫ್ ಬೇಕಾದರೆ ಬರಲಿ, ಆದರೆ ಕೋಷ್ಟಕ ತುಂಬದ ಪ್ರಸ್ತಾವವನ್ನು ಪರಿಗಣಿಸುವುದಿಲ್ಲ ಎಂದು ಸೌಜನ್ಯದಿಂದಲೇ ಬರೆಯಿರಿ. ಉತ್ತರಕ್ಕೆ ಹತ್ತು ದಿನಗಳ ಗಡುವು, ಸಮಿತಿ ತೀರ್ಮಾನಿಸುವ ದಿನಾಂಕ, ಅಂತಿಮವಾಗಿ ತೀರ್ಮಾನಿಸುವ ಒಬ್ಬ ವ್ಯಕ್ತಿಯ ದೂರವಾಣಿ, ಇವು ಮೂರೂ ಇರಲಿ. ಸಮಿತಿಯ ಐದು ಜನ ಐದು ಕಡೆಯಿಂದ ಒಂದೇ ಹೋಟೆಲಿಗೆ ಫೋನು ಮಾಡಿದರೆ ಐದು ದರಗಳು ಹೊರಡುತ್ತವೆ.

ತೆರಿಗೆಯನ್ನು ಬೇರೆಯಾಗಿ ಕೇಳಿರೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿಎಸ್‌ಟಿ ಶೇ 5, ಅದನ್ನು ಮೀರಿದರೆ ಶೇ 18. ಊಟದ ತೆರಿಗೆ ನಿಮ್ಮ ಕೊಠಡಿಯ ದರವನ್ನು ನೋಡುವುದಿಲ್ಲ; ಆ ಹೋಟೆಲು ಹಿಂದಿನ ಹಣಕಾಸು ವರ್ಷದಲ್ಲಿ ಒಂದು ಕೊಠಡಿಯನ್ನಾದರೂ 7,500ಕ್ಕಿಂತ ಹೆಚ್ಚಿಗೆ ಮಾರಿದ್ದರೆ, ಅಥವಾ ತಾನಾಗಿ ಶೇ 18ರ ವರ್ಗಕ್ಕೆ ಸೇರಲು ಘೋಷಿಸಿಕೊಂಡಿದ್ದರೆ, ಅಲ್ಲಿನ ಊಟಕ್ಕೆ ಶೇ 18, ಇಲ್ಲದಿದ್ದರೆ ಶೇ 5. ಹೀಗಾಗಿ ಒಂದೇ ಬೆಲೆಯ ಎರಡು ಪ್ಲೇಟುಗಳು ಬಿಲ್ಲಿನಲ್ಲಿ ಒಂದೇ ಆಗಿರುವುದಿಲ್ಲ. ನಿಮ್ಮ ಸಂಘ ಜಿಎಸ್‌ಟಿ ನೋಂದಣಿ ಹೊಂದಿದೆಯೇ, ಹೊಂದಿದ್ದರೂ ಊಟದ ತೆರಿಗೆಯನ್ನು ಮರಳಿ ಪಡೆಯಲು ಬರುತ್ತದೆಯೇ ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರಿಂದ ಮೊದಲೇ ತಿಳಿದುಕೊಳ್ಳಿ. ಬಾರದಿದ್ದರೆ ತೆರಿಗೆಯೂ ನಿಮ್ಮ ಖರ್ಚೇ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಹಾಕಿದವು, ಯಾವ ಹೋಟೆಲಿನವೂ ಅಲ್ಲ. ಮೊದಲ ಹೋಟೆಲು ಬೆಳಗಿನ ಉಪಾಹಾರ ಸೇರಿ ಕೊಠಡಿಗೆ 5,500, ಊಟಕ್ಕೆ 1,400 ಎನ್ನುತ್ತದೆ. ಹಾಲ್, ಧ್ವನಿವರ್ಧಕ, ಚಹಾ ಎಲ್ಲ ಅದರಲ್ಲೇ ಸೇರಿದೆ, ಊಟಕ್ಕೆ ತೆರಿಗೆ ಶೇ 18. ಎರಡನೆಯದು ಕೊಠಡಿಗೆ 5,000, ಊಟಕ್ಕೆ 1,250, ತೆರಿಗೆ ಎರಡಕ್ಕೂ ಶೇ 5 ಎನ್ನುತ್ತದೆ. ಮೇಲ್ನೋಟಕ್ಕೆ ಎರಡನೆಯದೇ ಅಗ್ಗ, ಸಮಿತಿಯಲ್ಲಿ ಕೈ ಎತ್ತಿದರೆ ಅದೇ ಗೆಲ್ಲುತ್ತದೆ. ಈಗ 160 ಕೊಠಡಿ-ರಾತ್ರಿ, ನಾಲ್ಕು ಊಟದಂತೆ 640 ಪ್ಲೇಟು ಹಾಕಿ ನೋಡಿ. ಮೊದಲನೆಯದರಲ್ಲಿ ತೆರಿಗೆ ಸೇರಿ ಕೊಠಡಿಗಳಿಗೆ 9,24,000, ಊಟಕ್ಕೆ 10,57,280, ಒಟ್ಟು 19,81,280 ರೂಪಾಯಿ. ಎರಡನೆಯದರಲ್ಲಿ ಕೊಠಡಿಗಳಿಗೆ 8,40,000, ಊಟಕ್ಕೂ 8,40,000. ಇಲ್ಲಿಗೆ ನಿಲ್ಲಿಸಿದರೆ ಮೂರು ಲಕ್ಷ ಉಳಿದಂತೆ ಕಾಣುತ್ತದೆ. ಆದರೆ ಅಲ್ಲಿ ಸಭಾಂಗಣಕ್ಕೆ ಬೇರೆಯಾಗಿ ದಿನಕ್ಕೆ 75,000ದಂತೆ ಎರಡು ದಿನ, ಅದರ ಮೇಲೆ ಶೇ 18, ಅಂದರೆ 1,77,000. ಪ್ರೊಜೆಕ್ಟರ್, ಧ್ವನಿ, ವೇದಿಕೆಗೆ 60,000 ಮತ್ತು ತೆರಿಗೆ, 70,800. ಚಹಾ ತಲೆಗೆ 150ರಂತೆ ನಾಲ್ಕು ಸಲ, ತೆರಿಗೆ ಸೇರಿ 1,00,800. ಒಟ್ಟು 20,28,600. ಅಗ್ಗವೆಂದುಕೊಂಡದ್ದು 47,320 ರೂಪಾಯಿ ದುಬಾರಿ. ನಿಮಗೆ ಬಂದ ‘ಪ್ಲೇಟಿಗೆ ಇಷ್ಟು’, ‘ತಲೆಗೆ ಇಷ್ಟು’ ಎಂಬ ಉತ್ತರಗಳನ್ನು ಹೋಲಿಸುವ ಬಗೆ ಇದೊಂದೇ: ಇಡೀ ಸಮ್ಮೇಳನದ ಒಟ್ಟು ಮೊತ್ತಕ್ಕೆ ತಂದು, ಆಮೇಲೆ ಬೇಕಾದರೆ 160ರಿಂದ ಭಾಗಿಸಿ. ಇದರ ಜೊತೆಗೆ ‘ಸೇವಾಶುಲ್ಕ ಇರುವುದಿಲ್ಲ’ ಎಂಬ ಸಾಲನ್ನೂ ಬರೆಸಿಕೊಳ್ಳಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಸೇವಾಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಮಾರ್ಗಸೂಚಿ ಹೊರಡಿಸಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೂ ಕೆಲವು ಅಂದಾಜುಪಟ್ಟಿಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅದು ಇಣುಕುತ್ತದೆ.

ಏಜೆಂಟರ ಪ್ರಶ್ನೆಗೆ ಬರೋಣ. ಸಮ್ಮೇಳನ ಆಯೋಜಿಸುವ ಕಂಪನಿ, ಪ್ರವಾಸ ಏಜೆನ್ಸಿ, ಸಿವೆಂಟ್‌ನಂಥ ಆನ್‌ಲೈನ್ ವೇದಿಕೆ, ಈ ಮೂರೂ ನಿಮ್ಮ ಪರವಾಗಿ ಹೋಟೆಲುಗಳಿಗೆ ಕೋರಿಕೆ ಕಳಿಸಬಲ್ಲವು, ಬಹುಮಟ್ಟಿಗೆ ನಿಮ್ಮಿಂದ ಹಣ ಕೇಳುವುದಿಲ್ಲ. ಹಣ ಹೋಟೆಲಿನಿಂದ ಬರುತ್ತದೆ: ಏಜೆಂಟರಿಗೆ ಕೊಠಡಿಯ ದರದ ಮೇಲೆ ಕಮಿಷನ್, ವೇದಿಕೆಗಳಿಗೆ ಹೋಟೆಲುಗಳು ಕೊಡುವ ಪ್ರಚಾರ ಶುಲ್ಕ. ಆದ್ದರಿಂದ ಹುಡುಕಾಟದಲ್ಲಿ ಮೊದಲು ಕಾಣುವ ಹೋಟೆಲು ನಿಮಗೆ ಹೊಂದುವ ಹೋಟೆಲೇ ಆಗಿರಬೇಕಿಲ್ಲ. ಗೊತ್ತಿಲ್ಲದ ಊರಿನಲ್ಲಿ, ವಿದೇಶದಲ್ಲಿ, ಅಥವಾ ಒಟ್ಟಿಗೆ ಇಪ್ಪತ್ತು ಹೋಟೆಲುಗಳನ್ನು ಜಾಲಾಡಬೇಕಾದಾಗ ಇವು ಉಪಯುಕ್ತ. ಮೈಸೂರಿನ ಐದಾರು ಹೋಟೆಲುಗಳಿಗೆ ಮಧ್ಯವರ್ತಿ ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ. ದೊಡ್ಡ ಸಮೂಹದ ಹೋಟೆಲಾದರೆ ಬೆಂಗಳೂರಿನಲ್ಲಿರುವ ಅದರ ಮಾರಾಟ ಕಚೇರಿಗೆ ಒಂದು ಪ್ರತಿ ಕಳಿಸಿ. ಮೈಸೂರಿನಲ್ಲಿ ಜಾಗವಿಲ್ಲದಿದ್ದರೆ ಬೇರೆ ಊರಿನ ತಮ್ಮದೇ ಹೋಟೆಲನ್ನು ಅವರೇ ಸೂಚಿಸುತ್ತಾರೆ. ಏಜೆಂಟರನ್ನು ಹಿಡಿಯುವುದೇ ಆದರೆ ಒಬ್ಬರನ್ನೇ ಹಿಡಿಯಿರಿ. ಮೂವರು ಏಜೆಂಟರು ಒಂದೇ ಸಮ್ಮೇಳನಕ್ಕೆ ಒಂದೇ ಹೋಟೆಲಿಗೆ ಕೋರಿಕೆ ಕಳಿಸಿದರೆ ಮೂರು ಗುಂಪು ಬರುತ್ತಿದೆ ಎಂದುಕೊಂಡು ದರ ಏರಿಸಿದ್ದನ್ನು ನಾನು ಆ ಕಡೆ ಕೂತಿದ್ದಾಗ ನೋಡಿದ್ದೇನೆ, ಏರಿಸಿಯೂ ಇದ್ದೇನೆ.

ಪ್ರಸ್ತಾವಗಳು ಬಂದ ಮೇಲೆ ಎರಡೋ ಮೂರೋ ಹೋಟೆಲುಗಳನ್ನು ನೋಡಲು ಹೋಗಿ. ಮೊದಲೇ ತಿಳಿಸಿ ಹೋದರೆ ಜ್ಯೂಸು ಕೊಟ್ಟು ಅತ್ಯುತ್ತಮ ಕೊಠಡಿಯನ್ನು ತೋರಿಸುತ್ತಾರೆ. ಸಾಧಾರಣ ಕೊಠಡಿಯನ್ನೂ ಕೇಳಿ ನೋಡಿ. ಸಾಧ್ಯವಾದರೆ ಬೇರೆ ಸಮ್ಮೇಳನ ನಡೆಯುತ್ತಿರುವ ದಿನವೇ ಹೋಗಿ, ಊಟದ ಹೊತ್ತಿನಲ್ಲಿ ಸಾಲಿನ ಹಿಂದೆ ಐದು ನಿಮಿಷ ನಿಂತಿರಿ. 160 ಜನಕ್ಕೆ ಒಂದೇ ಬಫೆ ಸಾಲು ಹಾಕುವ ಹೋಟೆಲಿನಲ್ಲಿ ನಿಮ್ಮ ಮಧ್ಯಾಹ್ನದ ಗೋಷ್ಠಿ ಅರ್ಧ ಗಂಟೆ ತಡವಾಗುವುದು ಖಚಿತ, ಎರಡು ಸಾಲಾದರೂ ಬೇಕು. ಹಾಲಿನ ವಿಸ್ತೀರ್ಣವನ್ನು ಚದರ ಅಡಿಯಲ್ಲಿ ಕೇಳಿ. ಕರಪತ್ರದ ‘ಥಿಯೇಟರ್ 300’ (ಮೇಜಿಲ್ಲದೆ ಸಾಲು ಕುರ್ಚಿಗಳಲ್ಲಿ 300 ಜನ) ಎಂಬ ಅಂಕಿ ವೇದಿಕೆಯಿಲ್ಲದೆ ಕುರ್ಚಿಗೆ ಕುರ್ಚಿ ತಾಗಿಸಿ ಲೆಕ್ಕ ಹಾಕಿದ್ದು. ವೇದಿಕೆ, ಪರದೆ, ಓಡಾಟದ ಜಾಗ ಸೇರಿ ದುಂಡುಮೇಜಿನ ವ್ಯವಸ್ಥೆಗೆ ತಲೆಗೆ 20 ಚದರ ಅಡಿ ಎಂದು ನಾನು ಹಿಡಿಯುತ್ತೇನೆ, ಅಂದರೆ ನಿಮಗೆ 3,200 ಚದರ ಅಡಿ. ನಡುವೆ ಕಂಬಗಳಿವೆಯೇ, ಹಿಂದಿನ ಸಾಲಿನಲ್ಲಿ ಕೂತರೆ ಪರದೆಯ ಕೆಳಗಿನ ಸಾಲು ಕಾಣುತ್ತದೆಯೇ ಎಂಬುದನ್ನು ನೀವೇ ಕೂತು ನೋಡಿ. ಮತ್ತೆ, ನಗಬೇಡಿ, ಕಾಫಿ ಕುಡಿದು ನೋಡಿ. ಮೈಸೂರಿನಲ್ಲಿ ಸಮ್ಮೇಳನ ಮಾಡಿ ಯಂತ್ರದ ಕಾಫಿ ಕೊಟ್ಟ ಕಾರ್ಯದರ್ಶಿಯನ್ನು ಸದಸ್ಯರು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. 160 ಜನಕ್ಕೆ ಹದಿನೈದು ನಿಮಿಷದಲ್ಲಿ ಫಿಲ್ಟರ್ ಕಾಫಿ ಕೊಡಲು ಸಾಧ್ಯವೇ ಎಂದು ಅಡುಗೆ ಮುಖ್ಯಸ್ಥರನ್ನೇ ಕೇಳಿ, ಮಾರಾಟದವರನ್ನಲ್ಲ. ಶನಿವಾರ ರಾತ್ರಿ ಹುಲ್ಲುಹಾಸಿನ ಮೇಲೆ ಸಂಗೀತ ಕಾರ್ಯಕ್ರಮ ಇಟ್ಟುಕೊಂಡಿದ್ದರೆ, ಬಯಲಿನಲ್ಲಿ ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕೆಂಬ ನಿಯಮವನ್ನು ನೆನಪಿಟ್ಟು ಊಟದ ಸಮಯವನ್ನು ಹೊಂದಿಸಿ.

ಚೌಕಾಸಿಯಲ್ಲಿ ದರ ಇಳಿಸುವುದಕ್ಕಿಂತ ಷರತ್ತು ಸಡಿಲಿಸುವುದಕ್ಕೆ ಹೆಚ್ಚು ಬೆಲೆ. ಇಲ್ಲಿಯೇ ಸಂಘಗಳು ಹಣ ಕಳೆದುಕೊಳ್ಳುವುದು. ಕೊಠಡಿಗಳ ಸಂಖ್ಯೆಯನ್ನು ದಂಡವಿಲ್ಲದೆ ಎಷ್ಟು ಕಡಿಮೆ ಮಾಡಬಹುದು, ಯಾವ ದಿನಾಂಕದವರೆಗೆ ಮಾಡಬಹುದು ಎಂಬುದನ್ನು ಹೋಟೆಲಿನವರು ಅಟ್ರಿಷನ್ ಎನ್ನುತ್ತಾರೆ. 80ರಲ್ಲಿ ಶೇ 20ರಷ್ಟನ್ನು, ಎಂದರೆ 16 ಕೊಠಡಿಗಳನ್ನು, ಮೂವತ್ತು ದಿನ ಮುಂಚೆಯವರೆಗೆ ಬಿಟ್ಟುಕೊಡುವ ಅವಕಾಶ ಕೇಳಿ. ಶೇ 10ಕ್ಕೆ ಒಪ್ಪಿದರೂ ನಷ್ಟವಿಲ್ಲ. ಊಟಕ್ಕೆ ಕನಿಷ್ಠ ಗ್ಯಾರಂಟಿ ಎಂಬುದಿದೆ: ನೀವು ಹೇಳಿದ ಸಂಖ್ಯೆಗಿಂತ ಕಡಿಮೆ ಜನ ಉಂಡರೂ ಅಷ್ಟಕ್ಕೆ ಬಿಲ್ಲು. ನಾಲ್ಕೂ ಊಟಕ್ಕೆ 160 ಎಂದು ಬರೆದುಕೊಟ್ಟರೆ ಭಾನುವಾರ ಮಧ್ಯಾಹ್ನ ಪಶ್ಚಾತ್ತಾಪ ಪಡುತ್ತೀರಿ. ಆ ದಿನ ಅರ್ಧ ಜನ ಅರಮನೆಗೋ ಚಾಮುಂಡಿ ಬೆಟ್ಟಕ್ಕೋ ಹೋಗಿರುತ್ತಾರೆ, ಇನ್ನು ಕೆಲವರು ರೈಲು ಹಿಡಿಯಲು ಹೊರಟಿರುತ್ತಾರೆ. ಪ್ರತಿ ಊಟಕ್ಕೂ ಬೇರೆ ಗ್ಯಾರಂಟಿ, ಅದನ್ನು ಮೂರು ದಿನ ಮುಂಚೆ ಅಂತಿಮಗೊಳಿಸುವ ಹಕ್ಕು, ಗ್ಯಾರಂಟಿಗಿಂತ ಶೇ 5 ಹೆಚ್ಚು ಜನ ಬಂದರೂ ಅದೇ ದರದಲ್ಲಿ ಬಡಿಸುವ ಒಪ್ಪಂದ, ಇಷ್ಟನ್ನು ಬರೆಸಿಕೊಳ್ಳಿ. ಸಮ್ಮೇಳನವೇ ರದ್ದಾದರೆ ಎಷ್ಟು ದಿನ ಮುಂಚೆ ತಿಳಿಸಿದರೆ ಎಷ್ಟು ಹಣ ವಾಪಸು, ಸರ್ಕಾರಿ ಆದೇಶದಿಂದ ರದ್ದಾದರೆ ಏನು ಎಂಬುದನ್ನು ಬೇರೆ ಬೇರೆಯಾಗಿ ನಮೂದಿಸಬೇಕು. 2020ರ ಅನುಭವದ ಮೇಲೆ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ದರದಲ್ಲಿ ಒಪ್ಪದಿದ್ದರೆ ಅತಿಥಿ ಭಾಷಣಕಾರರಿಗೆ ಎರಡು ಮೂರು ಉಚಿತ ಕೊಠಡಿ, ಸಮಿತಿಯ ಕಡತಗಳಿಗೊಂದು ಬೀಗ ಹಾಕುವ ಕೋಣೆ, ಸದಸ್ಯರ ಡ್ರೈವರುಗಳಿಗೆ ಊಟ ಇಂಥವನ್ನು ಕೇಳಿ. ಅವು ಹೋಟೆಲಿಗೆ ಭಾರವಲ್ಲ, ನಿಮಗೆ ದೊಡ್ಡ ಅನುಕೂಲ.

ನಿಮ್ಮ ಕೈಯಲ್ಲಿರುವ ನಾಲ್ಕು ಉತ್ತರಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ವಾರ ಸಮಿತಿಯಿಂದ ಎರಡು ದಿನಾಂಕಗಳಿಗೆ ಒಪ್ಪಿಗೆ ಪಡೆದು, ಹೊಸ ಪತ್ರವನ್ನು ಉತ್ತರಿಸದ ಹೋಟೆಲುಗಳೂ ಸೇರಿ ಅರ್ಹವಾದ ಐದಾರಕ್ಕೆ ಒಂದೇ ದಿನ ಕಳಿಸಿ. ‘ಬನ್ನಿ, ಕೂತು ಮಾತಾಡೋಣ’ ಎಂದವರಿಗೂ ಅದೇ ಪತ್ರ ಹೋಗಲಿ. ಕೋಷ್ಟಕ ತುಂಬಿ ಕಳಿಸಿದ ಮೇಲೆ ಅವರ ಜೊತೆ ಕೂರಬಹುದು. ತೀರ್ಮಾನವಾದ ದಿನವೇ ಆಯ್ಕೆಯಾಗದ ಹೋಟೆಲುಗಳಿಗೆ ಎರಡು ಸಾಲಿನಲ್ಲಿ ತಿಳಿಸಿ, ದರ ಹೆಚ್ಚಾಯಿತೋ ಸಭಾಂಗಣ ಸಣ್ಣದಾಯಿತೋ ಎಂಬ ಕಾರಣದೊಡನೆ, ಏಕೆಂದರೆ ಅಲ್ಲಿಯವರೆಗೆ ಅವರು ನಿಮ್ಮ ಹೆಸರಿನಲ್ಲಿ 80 ಕೊಠಡಿಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡು ಬೇರೆಯವರಿಗೆ ‘ತಾಳಿ’ ಎನ್ನುತ್ತಿರುತ್ತಾರೆ.